ಸ್ವಾಗತದ ಮಾತು: ಶುದ್ಧಿ, ರೂಢಿ ಮತ್ತು ಸೌಜನ್ಯ

ಬಂದವರನ್ನು ಯಾವ ಮಾತಿನಿಂದ ಬರಮಾಡಿಕೊಳ್ಳಬೇಕು, ಆ ಮಾತನ್ನು ಹೇಗೆ ಬರೆಯಬೇಕು ಎಂಬುದು ಮೇಲುನೋಟಕ್ಕೆ ವಿದ್ವತ್ ಸಂಪುಟವೊಂದರಲ್ಲಿ ಚರ್ಚಿಸತಕ್ಕ ವಿಷಯವೆನಿಸುವುದಿಲ್ಲ. ಛಂದಸ್ಸು, ಶಾಸನ, ಗ್ರಂಥಸಂಪಾದನೆಗಳ ನಡುವೆ ಮದುವೆ ಮಂಟಪದ ಕಮಾನಿನ ಮೇಲಿನ ಪದವೊಂದಕ್ಕೆ ಏನು ಸ್ಥಾನವೆಂದು ಕೇಳುವವರೂ ಉಂಟು. ಆದರೆ ಶಾಲೆಯನ್ನು ಬಿಟ್ಟ ಮೇಲೆ ಗ್ರಂಥವನ್ನು ತೆರೆಯದವರೂ ಕಮಾನು, ಫಲಕ, ಆಮಂತ್ರಣ ಪತ್ರಿಕೆಗಳನ್ನು ಓದುತ್ತಾರೆ. ಭಾಷೆಯ ಲಿಖಿತ ರೂಪ ಅವರ ಕಣ್ಣಿಗೆ ಬೀಳುವುದು ಅಲ್ಲಿಯೇ. ಅಲ್ಲಿ ಅಚ್ಚಾದ ರೂಪವೇ ಅವರ ಪಾಲಿಗೆ ಪ್ರಮಾಣವಾಗುತ್ತದೆ. ಆದುದರಿಂದ ಸ್ವಾಗತದ ಪದಗಳ ಶುದ್ಧಾಶುದ್ಧ ವಿಚಾರವು ಕನ್ನಡ ವಿಭಾಗವೊಂದರ ಕರ್ತವ್ಯದ ಹೊರಗಿನದಲ್ಲ.

ಚೆನ್ನೈ ನಗರದಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೊಡಕು ಇದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳೂ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ, ಕೊಳ್ಳೇಗಾಲ, ಕಾಸರಗೋಡುಗಳೂ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದವು. ವಿದ್ಯೆಗಾಗಿ, ವ್ಯಾಪಾರಕ್ಕಾಗಿ, ಉದ್ಯೋಗಕ್ಕಾಗಿ ಇಲ್ಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಇವರ ಮಕ್ಕಳಿಗೆ ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ರಾಜ್ಯೋತ್ಸವದ ಸಭೆಯಾಗಲಿ, ಮದುವೆಯಾಗಲಿ, ಬಾಗಿಲಿನ ಕಮಾನಿನ ಮೇಲೆ ತಮಿಳಿನ 'ವರುಗ ವರುಗ', ಇಂಗ್ಲಿಷಿನ 'ವೆಲ್ಕಮ್', ಕನ್ನಡದ 'ಸುಸ್ವಾಗತ' ಒಂದರ ಕೆಳಗೊಂದು ನಿಲ್ಲುವುದುಂಟು. ಮೂರು ಭಾಷೆಗಳು ಒಬ್ಬನೇ ಅತಿಥಿಗೆ ಒಟ್ಟಿಗೆ ಕೈಮುಗಿಯುವ ಈ ದೃಶ್ಯ ಸುಂದರವಾದುದೇ. ಆದರೆ ಆ ಮೂರು ಸಾಲುಗಳಲ್ಲಿ ಎಷ್ಟು ಸರಿಯಾಗಿವೆ ಎಂಬುದು ಬೇರೆ ಪ್ರಶ್ನೆ.

ಮೊದಲು ಇಂಗ್ಲಿಷನ್ನೇ ನೋಡಬಹುದು; ಏಕೆಂದರೆ ಕಮಾನಿನ ಮೇಲೆ ಅತಿ ಹೆಚ್ಚು ನಗೆಗೀಡಾಗುವ ತಪ್ಪು ಅದರದು. 'ವೆಲ್' ಮತ್ತು 'ಕಮ್' ಎಂದು ಪದವನ್ನು ಎರಡಾಗಿ ಒಡೆದು, ಮೊದಲ ತುಂಡಿಗೆ ಎರಡು 'ಎಲ್' ಅಕ್ಷರಗಳನ್ನು ಹಾಕಿ ಬರೆಯುವುದು ದಕ್ಷಿಣ ಭಾರತದ ಊರೂರುಗಳಲ್ಲಿ ಕಾಣುತ್ತದೆ. ಇಂಗ್ಲಿಷ್ ಬಲ್ಲವರು ಇದನ್ನು ಕಂಡು ನಕ್ಕು ಮುಂದೆ ಹೋಗುತ್ತಾರೆ. ನಗುವುದಕ್ಕಿಂತ ಮುಂಚೆ ಪದದ ಇತಿಹಾಸವನ್ನು ನೋಡುವುದು ಒಳ್ಳೆಯದು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ 'ವಿಲ್‌ಕುಮಾ'. 'ವಿಲ್' ಎಂದರೆ ಇಚ್ಛೆ, ಸಂತೋಷ. 'ಕುಮಾ' ಎಂದರೆ ಬರುವವನು. ಯಾರ ಬರವು ಮನಸ್ಸಿಗೆ ಹಿತವೋ ಅಂಥವನು ಎಂದು ಒಟ್ಟು ಅರ್ಥ. ಕಾಲಕ್ರಮದಲ್ಲಿ 'ಚೆನ್ನಾಗಿ' ಎಂಬರ್ಥದ 'ವೆಲ್' ಪದದ ಪ್ರಭಾವದಿಂದಲೂ, 'ಚೆನ್ನಾಗಿ ಬಂದವನು' ಎಂದೇ ಅರ್ಥವಾಗುವ ನೆರೆಯ ಫ್ರೆಂಚ್ ಮತ್ತು ನಾರ್ಸ್ ಭಾಷೆಗಳ ಪದಗಳ ಪ್ರಭಾವದಿಂದಲೂ 'ವಿಲ್' ಎಂಬುದು 'ವೆಲ್' ಆಯಿತು. ಅಂದರೆ, ಇಂದು ಕಮಾನು ಬರೆಯುವವನು ಮಾಡುವ ಪದವಿಭಾಗವನ್ನೇ ಇಂಗ್ಲಿಷರು ಶತಮಾನಗಳ ಹಿಂದೆ ತಮ್ಮ ಮನಸ್ಸಿನಲ್ಲಿ ಮಾಡಿಕೊಂಡಿದ್ದರು.

ಭಾರತೀಯನಿಗೆ ಈ ವಿಭಾಗ ಇನ್ನೂ ಸಹಜ. 'ಸು' ಮತ್ತು 'ಆಗತ' ಸೇರಿ 'ಸ್ವಾಗತ'ವಾಗುವುದನ್ನೂ, 'ನಲ್' ಮತ್ತು 'ವರವು' ಸೇರಿ ತಮಿಳಿನ 'ನಲ್ವರವು' ಆಗುವುದನ್ನೂ ಬಲ್ಲವನ ಕಿವಿಗೆ 'ವೆಲ್' ಮತ್ತು 'ಕಮ್' ಅದೇ ಅಚ್ಚಿನಲ್ಲಿ ಎರಕಹೊಯ್ದ ಪದದಂತೆ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ಹೀಗಾಗಿ ಇದು ಅಜ್ಞಾನದ ತಪ್ಪು ಎನ್ನುವುದಕ್ಕಿಂತ ತರ್ಕದ ತಪ್ಪು ಎನ್ನುವುದು ಉಚಿತ. ಆದರೂ ತಪ್ಪು ತಪ್ಪೇ. ಇಂಗ್ಲಿಷ್ ಬರವಣಿಗೆಯಲ್ಲಿ ಇದು ಒಂದೇ ಪದ, ಒಂದೇ 'ಎಲ್'. ಕ್ಷೇಮವೆಂಬರ್ಥದ 'ವೆಲ್ಫೇರ್' ಪದದಲ್ಲಿಯೂ ಆರಂಭದಲ್ಲಿ ಒಂದೇ 'ಎಲ್' ಉಳಿದಿದೆ. ಬೀಳ್ಕೊಡುವ 'ಫೇರ್‌ವೆಲ್' ಪದದ ಕೊನೆಯಲ್ಲಿ ಮಾತ್ರ ಎರಡು. ಬರಮಾಡಿಕೊಳ್ಳುವಾಗ ಒಂದು, ಬೀಳ್ಕೊಡುವಾಗ ಎರಡು ಎಂದು ನೆನಪಿಟ್ಟುಕೊಂಡರೆ ವಿದ್ಯಾರ್ಥಿಗೆ ಈ ತೊಡಕು ಬಾರದು.

ಕಾಗುಣಿತದಂತೆಯೇ ಪ್ರಯೋಗದಲ್ಲಿಯೂ ಕೆಲವು ಎಡವಟ್ಟುಗಳಿವೆ. 'ಹಾರ್ಟಿ' ಎಂಬುದು ವಿಶೇಷಣ, 'ಹಾರ್ಟಿಲಿ' ಎಂಬುದು ಕ್ರಿಯಾವಿಶೇಷಣ. ಇವೆರಡರ ನಡುವೆ ಹುಟ್ಟಿಕೊಂಡು ಫಲಕಗಳಲ್ಲಿ ಮೆರೆಯುವ 'ಹಾರ್ಟ್ಲಿ' ಶಿಷ್ಟ ಇಂಗ್ಲಿಷಿನಲ್ಲಿ ಇಲ್ಲ. 'ನೀವು ಬಂದರೆ ಸಂತೋಷ' ಎನ್ನುವಲ್ಲಿ 'ಯೂ ಆರ್ ವೆಲ್ಕಮ್' ಎನ್ನಬೇಕು. 'ವೆಲ್ಕಮ್ಡ್' ಎಂದರೆ ಸ್ವಾಗತಿಸುವ ಕಾರ್ಯ ನಡೆಯಿತೆಂಬ ಕರ್ಮಣಿ ಅರ್ಥ ಬರುತ್ತದೆ. ಇದೇ ಮಾತಿನ 'ಯೂ ಆರ್' ಎಂಬುದನ್ನು ಕೂಡಿಸಿ ಬರೆಯುವಾಗ ಲೋಪಚಿಹ್ನೆಯನ್ನೂ ಕೊನೆಯ 'ಇ' ಅಕ್ಷರವನ್ನೂ ಬಿಟ್ಟು 'ನಿಮ್ಮ' ಎಂಬರ್ಥದ ಪದವಾಗಿಸುವ ತಪ್ಪನ್ನು ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರೂ ಮಾಡುತ್ತಾರೆ.

ಇಷ್ಟನ್ನು ತಿದ್ದುವುದಕ್ಕೆ ಇಂಗ್ಲಿಷ್ ಅಧ್ಯಾಪಕರು ಇದ್ದಾರೆ, ನಿಘಂಟುಗಳಿವೆ, ನಗುವವರಂತೂ ಧಾರಾಳವಾಗಿದ್ದಾರೆ. ಚಿಂತೆಗೆ ಕಾರಣವಾಗಬೇಕಾದುದು ಅದೇ ಕಮಾನಿನ ಕನ್ನಡದ ಸಾಲು. ಇಂಗ್ಲಿಷಿನಲ್ಲಿ ಒಂದು 'ಎಲ್' ಹೆಚ್ಚಾದರೆ ನಾಚುವ ಸಂಘಟಕರು, ಅದರ ಕೆಳಗೆ 'ಹಾರ್ಧಿಕ' ಎಂದು ಬರೆದಿದ್ದರೆ ಗಮನಿಸುವುದೇ ಇಲ್ಲ. ಹೃದಯವೆಂಬರ್ಥದ 'ಹೃದ್' ಶಬ್ದದಿಂದ ಬಂದುದು 'ಹಾರ್ದಿಕ'. ಅಲ್ಲಿ ಮಹಾಪ್ರಾಣಕ್ಕೆ ಎಡೆಯಿಲ್ಲ. ಹಾಗೆಯೇ 'ಅತಿಥಿ'ಯು 'ಅಥಿತಿ'ಯಾಗಿ, 'ಆಹ್ವಾನ'ವು 'ಆವ್ಹಾನ'ವಾಗಿ, 'ಶುಭಾಶಯ'ವು 'ಶುಭಾಷಯ'ವಾಗಿ, 'ಉದ್ಘಾಟನೆ'ಯು 'ಉದ್ಗಾಟನೆ'ಯಾಗಿ ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಅತಿಥಿಯ ಸತ್ಕಾರಕ್ಕೆಂದು ಸಾವಿರಾರು ರೂಪಾಯಿ ಖರ್ಚು ಮಾಡಿದ ಮನೆಯವರು ಆತನನ್ನು ಕರೆಯುವ ಪದವನ್ನೇ ಕೆಡಿಸಿ ಬಾಗಿಲಿಗೆ ಕಟ್ಟುವುದು ವಿಪರ್ಯಾಸವಲ್ಲವೆ?

ಈ ತಪ್ಪುಗಳ ಕಾರಣವನ್ನೂ ಸಹಾನುಭೂತಿಯಿಂದ ವಿಚಾರಿಸಬೇಕು. ಅಚ್ಚಕನ್ನಡದ ಮಾತುಗಳಲ್ಲಿ ಮಹಾಪ್ರಾಣ ವಿರಳ. ಆಡುಮಾತಿನಲ್ಲಿ ಸಂಸ್ಕೃತ ಶಬ್ದಗಳ ಮಹಾಪ್ರಾಣವೂ ಬಹುಪಾಲು ಅಲ್ಪಪ್ರಾಣವೇ ಆಗುತ್ತದೆ. ಬರೆಯುವವನಿಗೆ ಪದದಲ್ಲಿ ಎಲ್ಲಿಯೋ ಒಂದು ಮಹಾಪ್ರಾಣ ಇರಬೇಕೆಂಬ ನೆನಪಿದೆ; ಎಲ್ಲಿ ಎಂಬುದು ಕಿವಿಗೆ ತಿಳಿಯದು. ಆದುದರಿಂದ 'ಅತಿಥಿ'ಯ ಮಹಾಪ್ರಾಣ ಒಂದು ಅಕ್ಷರ ಹಿಂದಕ್ಕೆ ಸರಿಯುತ್ತದೆ. ಮಹಾಪ್ರಾಣವೆಂದರೆ ಪಾಂಡಿತ್ಯದ ಲಕ್ಷಣವೆಂಬ ಭಾವನೆಯಿಂದ 'ಹಾರ್ದಿಕ'ಕ್ಕೆ ಇಲ್ಲದ ಹೊಟ್ಟೆಯನ್ನು ಸೀಳಲಾಗುತ್ತದೆ. 'ಬ್ರಹ್ಮ'ವನ್ನು 'ಬ್ರಮ್ಹ'ವೆಂದೂ 'ಚಿಹ್ನೆ'ಯನ್ನು 'ಚಿನ್ಹೆ'ಯೆಂದೂ ಉಚ್ಚರಿಸುವ ನಾಲಗೆಯೇ 'ಆಹ್ವಾನ'ವನ್ನೂ ತಿರುಗುಮುರುಗು ಮಾಡುತ್ತದೆ. ಚೆನ್ನೈಯ ಕನ್ನಡ ಮಗುವಿನ ಕಷ್ಟ ಇದಕ್ಕಿಂತ ಹೆಚ್ಚಿನದು. ಮೊದಲು ತಮಿಳು ಲಿಪಿಯನ್ನು ಕಲಿತ ಮಗುವಿಗೆ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ. ಕನ್ನಡ ಲಿಪಿಯ ಈ ಭೇದಗಳನ್ನು ಯಾರೂ ಕುಳಿತು ಕಲಿಸದಿದ್ದರೆ ಅವು ಆ ಮಗುವಿಗೆ ತಾವಾಗಿ ತಿಳಿಯಲಾರವು. ಆದುದರಿಂದ ಇಲ್ಲಿನ ತಪ್ಪಿಗೆ ಮದ್ದು ಗೇಲಿಯಲ್ಲ, ಪಾಠ.

ಕಾಗುಣಿತದ ತಪ್ಪಿನಷ್ಟು ಕಣ್ಣಿಗೆ ಬೀಳದ ಇನ್ನೊಂದು ತಪ್ಪು ವಿಭಕ್ತಿಯದು. 'ಅತಿಥಿಗಳಿಗೆ ಸ್ವಾಗತ' ಎನ್ನುವುದು ಸರಿ. 'ಅತಿಥಿಗಳನ್ನು ಸ್ವಾಗತಿಸುತ್ತೇವೆ' ಎನ್ನುವುದೂ ಸರಿ. ಇವೆರಡನ್ನು ಬೆರೆಸಿ 'ಅತಿಥಿಗಳಿಗೆ ಸ್ವಾಗತಿಸುತ್ತೇವೆ' ಎನ್ನುವುದು ಇತ್ತೀಚೆಗೆ ವೇದಿಕೆಗಳಲ್ಲಿ ಕೇಳಿಬರುತ್ತಿದೆ. ನಾಮಪದಕ್ಕೆ ಚತುರ್ಥಿ, ಕ್ರಿಯಾಪದಕ್ಕೆ ದ್ವಿತೀಯೆ ಎಂಬಷ್ಟು ಸರಳವಾದ ನಿಯಮವಿದು. 'ಸ್ವಾಗತ ಕೋರುತ್ತೇವೆ' ಎಂಬ ಪ್ರಯೋಗವನ್ನು ಕೆಲವರು ಆಕ್ಷೇಪಿಸುವುದುಂಟು. ಕೋರುವುದೆಂದರೆ ಬೇಡುವುದಾದ್ದರಿಂದ, ಆತಿಥೇಯನೇ ತನಗೆ ಸ್ವಾಗತ ಬೇಕೆಂದು ಕೇಳಿದಂತಾಗುತ್ತದೆ ಎಂಬುದು ಅವರ ವಾದ. ಈ ವಾದ ನಿಲ್ಲುವುದಿಲ್ಲ. 'ಸ್ವಾಗತ'ದ ಮೂಲಾರ್ಥ ಒಳ್ಳೆಯ ಬರವು. ಬಂದವರ ಬರವು ಒಳ್ಳೆಯದಾಗಲಿ ಎಂದು ಹಾರೈಸುವುದು 'ಸ್ವಾಗತ ಕೋರುವುದು'. ಮದುವೆಯ ಆಮಂತ್ರಣ ಪತ್ರಿಕೆಗಳ ಕೊನೆಯಲ್ಲಿ 'ಸುಖಾಗಮನವನ್ನು ಬಯಸುವ' ಎಂದು ಹಿರಿಯರು ಬರೆಸುವುದರಲ್ಲಿ ಇದೇ ಹಾರೈಕೆ ಇದೆ.

ಇನ್ನು 'ಸುಸ್ವಾಗತ'ದ ವಿಚಾರ. ಕನ್ನಡ ವಿಭಾಗಗಳಲ್ಲಿ ಪ್ರತಿ ವರ್ಷ ಯಾರಾದರೂ ಈ ಪ್ರಶ್ನೆಯನ್ನು ಎತ್ತಿಯೇ ಎತ್ತುತ್ತಾರೆ. 'ಸು' ಮತ್ತು 'ಆಗತ' ಕೂಡಿ ಯಣ್ ಸಂಧಿಯಿಂದ 'ಸ್ವಾಗತ'ವಾಗಿರುವಾಗ ಅದರ ಹಿಂದೆ ಮತ್ತೊಂದು 'ಸು' ಏಕೆ? 'ಸು' ಮತ್ತು 'ಅಸ್ತಿ' ಸೇರಿ ಅದೇ ಸಂಧಿಯಿಂದ ಆದ 'ಸ್ವಸ್ತಿ' ಪದದಿಂದ ಎಷ್ಟೋ ಶಾಸನಗಳು ಆರಂಭವಾಗುತ್ತವೆ. ಅಲ್ಲಿ 'ಸುಸ್ವಸ್ತಿ' ಎಂದು ಬರೆಯುವವರುಂಟೆ? ಪ್ರಶ್ನೆ ಚುರುಕಾದುದೇ. ಆದರೆ ಇದೇ ನ್ಯಾಯವನ್ನು ಹಿಡಿದು ಹೊರಟರೆ 'ಅತ್ಯುತ್ತಮ'ವನ್ನೂ ಬಿಡಬೇಕಾಗುತ್ತದೆ, ಏಕೆಂದರೆ 'ಉತ್ತಮ'ದಲ್ಲಿಯೇ ಅತಿಶಯದ 'ತಮ' ಪ್ರತ್ಯಯವಿದೆ. 'ಶ್ರೇಷ್ಠತಮ'ವನ್ನೂ ಬಿಡಬೇಕಾಗುತ್ತದೆ. ಬಳಕೆಯಲ್ಲಿ ಒಂದು ಸಮಾಸದ ಕೀಲು ಕಾಣದಂತೆ ಬೆಸೆದುಹೋದಾಗ ಆಡುವವರ ಮನಸ್ಸಿಗೆ ಅದು ಇಡಿಯಾದ ಒಂದು ಪದ. ಅದಕ್ಕೆ ಒತ್ತು ಕೊಡಬೇಕಾದಾಗ ಹೊಸ ಉಪಸರ್ಗವನ್ನು ಸೇರಿಸುವುದು ಭಾಷೆಯ ಸ್ವಭಾವ. ಆದುದರಿಂದ 'ಸುಸ್ವಾಗತ'ವನ್ನು ರೂಢಿಯೆಂದು ಒಪ್ಪಬೇಕು. ಬೇಡವೆನ್ನುವವರು 'ಸ್ವಾಗತ'ವೆಂದಷ್ಟೇ ಬರೆಯಲಿ. ಆದರೆ 'ಸುಸ್ವಾಗತ' ಬರೆದವನ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆಯುವುದು ಬೇಡ.

ತಪ್ಪು ಬೇರೆ, ರೂಢಿ ಬೇರೆ ಎಂಬ ಈ ವಿವೇಕವೇ ಭಾಷಾಧ್ಯಯನದ ಫಲ. 'ಅಥಿತಿ' ತಪ್ಪು; 'ಸುಸ್ವಾಗತ' ರೂಢಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಕೊನೆಗೆ ಯಾವುದನ್ನೂ ತಿದ್ದಲಾರರು. ಜನ ಅವರ ಮಾತನ್ನು ಪಂಡಿತರ ಕಿರಿಕಿರಿಯೆಂದು ತಳ್ಳಿಹಾಕುತ್ತಾರೆ.

ಬೇರೊಂದು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ. ಸಂಸ್ಕೃತದ 'ಸ್ವಾಗತ'ವೇ ಏಕೆ ಬೇಕು, ತಮಿಳರಂತೆ ಸ್ವಂತ ಪದವನ್ನು ಏಕೆ ಕಟ್ಟಿಕೊಳ್ಳಬಾರದು ಎಂದು ಕೇಳುವವರು ಇದ್ದಾರೆ. ಮರೈಮಲೈ ಅಡಿಗಳ್ ಅವರು 1916ರಲ್ಲಿ ಆರಂಭಿಸಿದ ತನಿತ್ತಮಿಳು ಚಳವಳಿಯ ಪ್ರಭಾವದಿಂದ ಸಾರ್ವಜನಿಕ ತಮಿಳಿನಲ್ಲಿ 'ನಮಸ್ಕಾರ'ದ ಎಡೆಗೆ 'ವಣಕ್ಕಂ', 'ಸ್ವಾಗತ'ದ ಎಡೆಗೆ 'ನಲ್ವರವು' ನೆಲೆಗೊಂಡವು. ತಮಿಳಿನ 'ವರವು' ಕನ್ನಡದಲ್ಲಿ 'ಬರವು'. ಆದುದರಿಂದ 'ನಲ್ಬರವು' ಎಂದು ಕನ್ನಡದಲ್ಲಿಯೂ ಹೇಳಬಹುದೆಂಬ ಸಲಹೆ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದುದು. ಆದರೆ ಅದು 'ಸ್ವಾಗತ'ದ ಅಚ್ಚಿನಲ್ಲಿಯೇ ತೆಗೆದ ಇನ್ನೊಂದು ಪ್ರತಿ. ಅದಕ್ಕಿಂತ ಮುಖ್ಯವಾಗಿ, ಕನ್ನಡಕ್ಕೆ ಸ್ವಾಗತದ ಸ್ವಂತ ಮಾತು ಇಲ್ಲವೆಂಬ ತಪ್ಪು ಗ್ರಹಿಕೆ ಈ ಸಲಹೆಯ ಹಿಂದೆ ಅಡಗಿದೆ.

ವಸ್ತುಸ್ಥಿತಿ ಹಾಗಿಲ್ಲ. ಕನ್ನಡದ ಸ್ವಾಗತ ನಾಮಪದದಲ್ಲಿ ಅಲ್ಲ, ಕ್ರಿಯಾಪದದಲ್ಲಿ ನೆಲೆಸಿದೆ. 'ಬನ್ನಿ' ಎಂಬ ಎರಡು ಅಕ್ಷರಗಳಲ್ಲಿ ಕರೆ, ಗೌರವ, ಸಂತೋಷ ಮೂರೂ ಇವೆ. ಧಾರವಾಡದ ಕಡೆ ಅದು 'ಬರ್ರಿ' ಆಗುತ್ತದೆ. ಗೌರವ ಹೆಚ್ಚಿದಂತೆ 'ಬರಬೇಕು', ಇನ್ನೂ ಹೆಚ್ಚಿದಂತೆ 'ದಯಮಾಡಿಸಬೇಕು'. ಹಳಗನ್ನಡದ ಕಾವ್ಯಗಳಲ್ಲಿ ಅರಸರು 'ಬಿಜಯಂಗೆಯ್ಯು'ತ್ತಾರೆ. ಸಂಸ್ಕೃತದ 'ವಿಜಯ' ಇಲ್ಲಿ ತದ್ಭವವಾಗಿ ಬಂದು, ಗೌರವಾರ್ಹರ ಬರುವಿಕೆ ಹೋಗುವಿಕೆಗಳಿಗೆ ಮೀಸಲಾದ ಕ್ರಿಯೆಯಾಯಿತು. ಗಣ್ಯರನ್ನು ಮುಂದಕ್ಕೆ ಹೋಗಿ ಕರೆತರುವುದಕ್ಕೆ 'ಇದಿರ್ಗೊಳ್' ಎಂಬ ಸೊಗಸಾದ ಧಾತುವಿದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಂದವರ ಕ್ಷೇಮವನ್ನು ವಿಚಾರಿಸುವ, ಕುಳ್ಳಿರೆನ್ನುವ ಸಣ್ಣ ಸೌಜನ್ಯವನ್ನೇ ಒಂದು ವಚನದ ವಸ್ತುವಾಗಿಸಿ, ಅಷ್ಟನ್ನೂ ಮಾಡದವರನ್ನು ಕಟುವಾಗಿ ಖಂಡಿಸಿದರು. ಆ ವಚನದ 'ಹದುಳ' ಎಂಬ ಪದ ಇಂದು ಬಳಕೆಯಿಂದ ಮರೆಯಾಗಿದ್ದರೂ, ಸ್ವಾಗತವೆಂದರೆ ಘೋಷಣೆಯಲ್ಲ, ವಿಚಾರಣೆ ಎಂಬ ಅದರ ತತ್ತ್ವ ಕನ್ನಡ ಮನೆಗಳಲ್ಲಿ ಉಳಿದಿದೆ. ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಟ್ಟು, ಬೆಲ್ಲ ನೀರಿನ ಲೋಟವನ್ನು ಮುಂದಿಟ್ಟು, 'ಈಗ ಬಂದಿರಾ?' ಎಂದು ಕೇಳುವ ಕರಾವಳಿಯ ಮನೆಯಲ್ಲಿ ಯಾರೂ 'ಸ್ವಾಗತ' ಎಂಬ ಪದವನ್ನು ಉಚ್ಚರಿಸುವುದಿಲ್ಲ. ಕಣ್ಣೆದುರಿಗೆ ಬಂದು ನಿಂತವರನ್ನು 'ಬಂದಿರಾ' ಎಂದು ಕೇಳುವುದು ಮಾಹಿತಿಗಾಗಿ ಅಲ್ಲವೆಂಬುದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು.

ಈ ಸೂಕ್ಷ್ಮಕ್ಕೆ ಇಂದು ಅಪಾಯ ಬಂದಿರುವುದು ಕಾಗುಣಿತದ ತಪ್ಪಿನಿಂದಲ್ಲ, ಇಂಗ್ಲಿಷಿನ ಅಚ್ಚಿನಿಂದ. ಇಂಗ್ಲಿಷಿನಲ್ಲಿ ಯಾರಾದರೂ ಕೃತಜ್ಞತೆ ಹೇಳಿದಾಗ 'ಯೂ ಆರ್ ವೆಲ್ಕಮ್' ಎಂದು ಉತ್ತರಿಸುವ ವಾಡಿಕೆಯಿದೆ. ಷೇಕ್ಸ್‌ಪಿಯರನ 'ಒಥೆಲೊ' ನಾಟಕದಲ್ಲಿಯೇ ಈ ಬಗೆಯ ಪ್ರಯೋಗ ದೊರೆಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಅದು ಸಾರ್ವತ್ರಿಕವಾಯಿತು. ಅಲ್ಲಿ ಅದಕ್ಕೆ ಬಂದವರನ್ನು ಎದುರುಗೊಳ್ಳುವ ಅರ್ಥವಿಲ್ಲ. 'ನಿಮಗೆ ಮಾಡಿದ್ದು ಸಂತೋಷದಿಂದಲೇ' ಎಂಬ ಅರ್ಥ. ಇದನ್ನು ಪದಕ್ಕೆ ಪದವಿಟ್ಟು 'ನಿಮಗೆ ಸ್ವಾಗತ' ಎಂದು ಕನ್ನಡಿಸುವ ಪದ್ಧತಿ ಯಂತ್ರಾನುವಾದಗಳಲ್ಲಿಯೂ ಅವಸರದ ಉಪಶೀರ್ಷಿಕೆಗಳಲ್ಲಿಯೂ ಕಾಣಿಸಿಕೊಂಡಿದೆ. ಧನ್ಯವಾದ ಹೇಳಿ ಹೊರಡುತ್ತಿರುವವರಿಗೆ 'ನಿಮಗೆ ಸ್ವಾಗತ' ಎನ್ನುವುದು, ಬಾಗಿಲು ದಾಟುತ್ತಿರುವವರ ಕೈಹಿಡಿದು ಮತ್ತೆ ಒಳಗೆ ಎಳೆದಂತೆ.

'ಧನ್ಯವಾದ'ವೇ ದಿನಬಳಕೆಯ ಕನ್ನಡಕ್ಕೆ ಸಭಾವ್ಯವಹಾರದಿಂದ ಇಳಿದು ಬಂದ ಪದ. ಮನೆಯ ಕನ್ನಡದಲ್ಲಿ 'ನಿಮ್ಮಿಂದ ಉಪಕಾರವಾಯಿತು' ಎಂದರೆ 'ಅದರಲ್ಲೇನಿದೆ', 'ಅಷ್ಟಕ್ಕೆಲ್ಲ ಏಕೆ', 'ಇರಲಿ ಬಿಡಿ', 'ದೊಡ್ಡ ಮಾತು' ಎಂಬ ಉತ್ತರಗಳು ಬರುತ್ತವೆ. ಇವುಗಳ ಪರಸ್ಪರ ಭೇದ ಬಹು ಸೂಕ್ಷ್ಮವಾದುದು. ಕಿರಿಯನು ಹಿರಿಯರಿಗೆ 'ಇರಲಿ ಬಿಡು' ಎನ್ನಲಾರ. ಸರೀಕರು ಹೊಗಳಿದರೆ 'ದೊಡ್ಡ ಮಾತು' ಎಂದು ತಲೆತಗ್ಗಿಸುವುದು ವಿನಯ. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವುದು, ಅದಕ್ಕೆ ಮನೆಯವರು 'ಹೋಗಿ ಬನ್ನಿ' ಎನ್ನುವುದು ಕನ್ನಡ ತಮಿಳುಗಳೆರಡರ ಸಮಾನ ಸಂಪತ್ತು; ಬೀಳ್ಕೊಡುಗೆಯ ಒಳಗೇ ಮುಂದಿನ ಸ್ವಾಗತವನ್ನು ಇಟ್ಟಿರುವ ಈ ಮಾತಿಗೆ ಇಂಗ್ಲಿಷಿನ 'ಫೇರ್‌ವೆಲ್' ಸಮನಾಗಲಾರದು. ಇಂಥವುಗಳ ಎಡೆಯಲ್ಲಿ ಒಂದೇ ಒಂದು 'ನಿಮಗೆ ಸ್ವಾಗತ' ಬಂದು ಕುಳಿತರೆ ಕಾಗುಣಿತ ಎಷ್ಟೇ ಶುದ್ಧವಾಗಿದ್ದರೂ ಕನ್ನಡ ಉಳಿಯುವುದಿಲ್ಲ. 'ಅಥಿತಿ' ಎಂದು ಬರೆದ ಹಳ್ಳಿಯವನು ಪದವನ್ನು ಕೆಡಿಸಿದ್ದಾನೆ, ಸೌಜನ್ಯವನ್ನು ಉಳಿಸಿಕೊಂಡಿದ್ದಾನೆ. ಉಪಕಾರಕ್ಕೆ ಉತ್ತರವಾಗಿ 'ನಿಮಗೆ ಸ್ವಾಗತ' ಎಂದು ನಿರ್ದೋಷವಾದ ಕಾಗುಣಿತದಲ್ಲಿ ಬರೆದವನ ಬಳಿ ಪದವಿದೆ, ಭಾಷೆಯಿಲ್ಲ.

ಅರ್ಥವಾದರೆ ಸಾಕು, ಇಷ್ಟೊಂದು ಎಣಿಕೆ ಏಕೆ ಎನ್ನುವವರಿಗೆ ಒಂದು ಉತ್ತರವನ್ನು ಕೊಡಲೇಬೇಕು. ಬೇರೆ ಮಾತುಗಳಲ್ಲಿ ಅರ್ಥವೇ ಗುರಿಯಾಗಿರಬಹುದು. ಸ್ವಾಗತದ ಮಾತಿನಲ್ಲಿ ತಿಳಿಸಬೇಕಾದ ಅರ್ಥವೇ ಹೆಚ್ಚೇನಿಲ್ಲ. ಬಾಗಿಲು ತೆರೆದಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಮುಖ್ಯವಾದುದು ತೋರಿದ ಶ್ರದ್ಧೆ. ಅತಿಥಿಗೆ ಕೊಡುವ ಲೋಟವನ್ನು ತೊಳೆದು ಕೊಡುವಂತೆ, ಅತಿಥಿಗೆ ಹೇಳುವ ಮಾತನ್ನೂ ನೋಡಿ ಹೇಳಬೇಕು. ಈ ಶ್ರದ್ಧೆಯನ್ನು ಇಂಗ್ಲಿಷಿನ ಸಾಲಿಗೆ ತೋರಿಸಿ ಕನ್ನಡದ ಸಾಲಿಗೆ ತೋರಿಸದಿದ್ದರೆ, ಯಾವ ಅತಿಥಿಗೆ ಹೆಚ್ಚು ಬೆಲೆ ಎಂಬುದನ್ನು ಬಾಯಿಬಿಟ್ಟು ಹೇಳಿದಂತೆಯೇ ಆಗುತ್ತದೆ.

ಈ ಕಾರ್ಯದಲ್ಲಿ ಚೆನ್ನೈಯ ಕನ್ನಡ ಅಧ್ಯಯನಕ್ಕೆ ದೊಡ್ಡ ಪರಂಪರೆಯ ಬೆಂಬಲವಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಮದರಾಸು ವಿಶ್ವವಿದ್ಯಾಲಯದಿಂದಲೇ ಹೊರಬಂದಿತು. ಕನ್ನಡ ನಾಡಿನ ಹೊರಗೆ ನಿಂತು ಕನ್ನಡದ ಪದಪದವನ್ನೂ ತೂಗಿ ನೋಡಿದ ಆ ಶ್ರದ್ಧೆಯ ಮುಂದೆ ಇಂದು ಮಾಡಬೇಕಾದ ಕೆಲಸ ಸಣ್ಣದು. ನಗರದ ಕನ್ನಡ ಸಂಘಗಳು ಫಲಕ, ಆಮಂತ್ರಣಗಳನ್ನು ಅಚ್ಚಿಗೆ ಕೊಡುವ ಮುನ್ನ ಕರಡು ತಿದ್ದಿಕೊಡುವ ಹೊಣೆಯನ್ನು ವಿದ್ಯಾರ್ಥಿಗಳು ಹೊರಬಹುದು. ಮೇಲೆ ಹೇಳಿದ ಹತ್ತಾರು ಪದಗಳ ಶುದ್ಧ ರೂಪಗಳನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿ ಫಲಕ ಬರೆಯುವವರಿಗೂ ಮುದ್ರಣಾಲಯಗಳಿಗೂ ಹಂಚಬಹುದು. ಅಲ್ಲಿ ತಮಿಳು ಬಲ್ಲ ಅಕ್ಷರಜೋಡಕನಿಗೆ ದಕಾರ ಧಕಾರಗಳ ಭೇದವನ್ನು ಯಾರೂ ಇದುವರೆಗೆ ತೋರಿಸಿಕೊಟ್ಟಿರಲಾರರು.

ಇದಕ್ಕಿಂತ ದೊಡ್ಡ ಕೆಲಸವೊಂದಿದೆ. ಹೊಸೂರಿನ ಸುತ್ತಮುತ್ತ, ಈರೋಡು ಜಿಲ್ಲೆಯ ತಾಳವಾಡಿಯ ಕಡೆ, ಕಾಸರಗೋಡಿನ ಗ್ರಾಮಗಳಲ್ಲಿ ಕನ್ನಡ ಮನೆಗಳು ಬಂದವರನ್ನು ಯಾವ ಮಾತುಗಳಿಂದ ಬರಮಾಡಿಕೊಳ್ಳುತ್ತವೆ, ಉಪಕಾರಕ್ಕೆ ಯಾವ ಉತ್ತರ ಕೊಡುತ್ತವೆ, ಹೇಗೆ ಬೀಳ್ಕೊಡುತ್ತವೆ ಎಂಬುದನ್ನು ಊರೂರು ತಿರುಗಿ ಬರೆದುಕೊಳ್ಳಬೇಕು. ಇವು ಗ್ರಂಥಸ್ಥವಾಗದೆ ಹಿರಿಯರ ನಾಲಗೆಯ ಮೇಲೆ ಮಾತ್ರ ಇರುವ ಮಾತುಗಳು. ಅವರೊಂದಿಗೇ ಹೋಗಿಬಿಡಬಹುದಾದ ಮಾತುಗಳು. ಸಂಶೋಧನೆಗೆ ವಿಷಯ ಸಿಗುವುದಿಲ್ಲವೆಂದು ಹೇಳುವ ವಿದ್ಯಾರ್ಥಿಗೆ ಇದಕ್ಕಿಂತ ಫಲವತ್ತಾದ ಕ್ಷೇತ್ರ ಬೇರೆ ಬೇಕೆ? ಅದಕ್ಕೆ ಬೇಕಾದ ಅರ್ಹತೆಯೂ ಹೆಚ್ಚಿನದಲ್ಲ. ಒಂದು ಟಿಪ್ಪಣಿ ಪುಸ್ತಕ ಹಿಡಿದು ಯಾವುದಾದರೂ ಕನ್ನಡ ಮನೆಯ ಹೊಸ್ತಿಲ ಬಳಿ ಹೋಗಿ ನಿಂತರೆ, ಮೊದಲನೆಯ ಉದಾಹರಣೆ ಕೇಳುವ ಮೊದಲೇ ಒಳಗಿನಿಂದ ಬರುತ್ತದೆ.